ಬೇವಿನ ನೆರಳಿನ ಪಾಳಿ

"ಏನ್ರಿ ಮಾಸ್ತರ, ಸಾಲಿ ನಡಸಾಕತ್ತೀರೋ, ಕೋರ್ಟ್ ನಡಸಾಕತ್ತೀರೋ?"

ಹೆಡ್ ಮಾಸ್ತರ ಕಾಶಿನಾಥ ಇನ್ನೂ ಬೈಕಿನಿಂದ ಇಳಿದಿರಲಿಲ್ಲ. ಗೋಕಾಕದಿಂದ ಹೊರಟು, ಕೌಜಲಗಿ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳು ಕೆಡಿಸಿಟ್ಟ ತೋಟದ ದಾರಿಯಲ್ಲಿ ಕುಲುಕಿಕೊಂಡು ಬಂದಿದ್ದ. ಸೊಂಟ ಹಿಡಿದಿತ್ತು. ಗೇಟಿಗೆ ಅಡ್ಡ ನಿಂತವನು ವೀರಪ್ಪ. ಶಾಲೆಯ ಎಸ್‌ಡಿಎಂಸಿ ಸಮಿತಿಯ ಅಧ್ಯಕ್ಷ, ಕಾಲುವೆಯ ಮೇಲಿನ ಹೊಲಗಳ ಒಡೆಯ. ಶಾಲೆಯ ಅಡುಗೆಗೂ ಕುಡಿಯುವುದಕ್ಕೂ ನೀರು ಬರುವುದು ಅವನ ಬೋರಿನ ಪೈಪಿನಿಂದಲೇ.

"ಯಾಕ್ರಿ ಸಾವ್ಕಾರ, ಏನಾತು?"

"ಏನಾತಂತ ನಿಮ್ಮ ಹುಕ್ಕೇರಿ ಅಕ್ಕೋರ್ನ ಕೇಳ್ರಿ. ನಿನ್ನೆ ಊಟಕ್ಕ ಕುಂತಿದ್ದೆ. ರೊಟ್ಟಿ ಇನ್ನೂ ಕೈಯಾಗ ಐತಿ, ನಮ್ಮ ಐಶ್ವರ್ಯ ಬಂದು 'ಅಜ್ಜಾ, ಬೇವಿನ ಗಿಡಾ ಬೆಳದೈತಿ, ಅದರ ಕೂಡ ನಿನ್ನ ಪಾಳೀನೂ ಬೆಳದೈತಿ' ಅಂದ್ಳು. ನನ್ನ ಮನ್ಯಾಗ, ನನ್ನ ರೊಟ್ಟಿ ತಿಂದು, ನನಗಽ ಕಳ್ಳ ಅಂದಂಗ ಆತೋ ಇಲ್ಲೋ?"

ಕಾಶಿನಾಥನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಹುಕ್ಕೇರಿ ಅಕ್ಕೋರು ಎಂಬ ಮಾತು ಕಿವಿಗೆ ಬಿದ್ದೊಡನೆ, ಇದು ಸಣ್ಣದಲ್ಲ ಎಂದು ಗೊತ್ತಾಯಿತು.

ಅನ್ನಪೂರ್ಣಾ ಜೂನಿನಲ್ಲಿ ಅತಿಥಿ ಶಿಕ್ಷಕಿಯಾಗಿ ಬಂದವಳು. ಖಾಯಂ ನೌಕರಿಯಲ್ಲ. ಹೆಡ್ ಮಾಸ್ತರನೂ ಸಮಿತಿಯೂ ಬೇಡವೆಂದರೆ ಹುಕ್ಕೇರಿಗೆ ವಾಪಸು, ಅಣ್ಣನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವುದಕ್ಕೆ. ಅಂಥವಳು ಸುಮ್ಮನಿರಬೇಕೋ ಬೇಡವೋ? ಬಂದ ವಾರದಲ್ಲೇ ಐದನೆಯ ತರಗತಿಯ ಬೆಂಚುಗಳನ್ನೆಲ್ಲ ಗೋಡೆಗೆ ಒತ್ತಿಸಿ ನಡುವೆ ಬಯಲು ಮಾಡಿದಳು. ಹೊಳೆಗೆ ಕಟ್ಟಿದ ಧುಪದಾಳದ ಒಡ್ಡಿನ ಮಾದರಿಯನ್ನು ಅಂಗಳದ ಕೆಸರಿನಲ್ಲಿ ಕಟ್ಟಿಸಿದಳು. ಅದು ಒಡೆದು ನೀರು ಅಡುಗೆ ಕೋಣೆಗೆ ನುಗ್ಗಿ, ಬಿಸಿಯೂಟದ ಬಾಳವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಿದ್ದಳು. ಮಗ್ಗಿಗೆ ಜಿಗಿದಾಟ, ವ್ಯಾಕರಣಕ್ಕೆ ನಾಟಕ. ಪಕ್ಕದ ಕೋಣೆಯಲ್ಲಿ ಕಾಶಿನಾಥ ಹೇಳುವ ಪಾಠ ಅವನ ಕಿವಿಗೇ ಕೇಳುತ್ತಿರಲಿಲ್ಲ. "ಸ್ವಲ್ಪ ಸಾವಕಾಶ ಮಾಡ್ರಿ" ಎಂದರೆ "ಹೂಂ ಸರ" ಎನ್ನುವಳು. ಮರುದಿನ ಹೊಸದೊಂದು ತಯಾರು.

ಈ ಸಲ ಅವಳು ಕೈ ಹಾಕಿದ್ದು ನೀರಿನ ಪಾಳಿಗೆ.

ದೊಡ್ಡ ಕಾಲುವೆಯಿಂದ ಈ ತೋಟಗಳಿಗೆ ಬರುವ ಸಣ್ಣ ಕಾಲುವೆಯ ನೀರನ್ನು ಮೇಲಿನ ವೀರಪ್ಪನ ಮನೆಯವರೂ ಕೆಳಗಿನ ಕುರುಬರ ಸತ್ತೆವ್ವನ ಮನೆಯವರೂ ಹಂಚಿಕೊಳ್ಳುತ್ತಿದ್ದರು. ಹಂಚಿಕೊಡುವುದು ಬೇವಿನ ನೆರಳು. ದಂಡೆಯ ಮೇಲೆ ಒಂದು ಬೇವಿನ ಗಿಡ, ಅದರ ಪಡುವಲಿಗೆ ಒಂದು ಹಾಸುಗಲ್ಲು. ಹೊತ್ತು ಮೂಡಿದಾಗಿನಿಂದ ಗಿಡದ ನೆರಳು ಗಿಡ್ಡಾಗುತ್ತಾ ಆಗುತ್ತಾ ಕಲ್ಲನ್ನು ಬಿಟ್ಟು ಸರಿಯುವವರೆಗೆ ನೀರು ವೀರಪ್ಪನದು. ಅಲ್ಲಿಂದ ಹೊತ್ತು ಮುಳುಗುವವರೆಗೆ ಸತ್ತೆವ್ವನದು. ಎರಡೂ ಮನೆಯ ಹಿರಿಯರು ಅದೇ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಆಡಿದ ಮಾತು. ಈಗ ಎಲ್ಲರ ಕಿಸೆಯಲ್ಲೂ ಮೊಬೈಲು. ಆದರೂ ನೀರಿಗೆ ಮಾತ್ರ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ನೋಡಿದರೆ ಹಿರಿಯರ ಮಾತಿನ ಮೇಲೆ ನಂಬಿಕೆಯಿಲ್ಲವೆಂದಾಗುತ್ತದೆ.

ಗಣಿತದಲ್ಲಿ ಕಾಲದ ಪಾಠ ಬಂದಾಗ ಅನ್ನಪೂರ್ಣಾ ಮಕ್ಕಳನ್ನು ಆ ಕಲ್ಲಿನ ಬಳಿಗೇ ಕರೆದುಕೊಂಡು ಹೋದಳು. ಕಲ್ಲಿನಿಂದ ಒಂದೇ ಅಂತರದಲ್ಲಿ ಒಂದು ಗಿಡ್ಡ ಕೋಲು, ಒಂದು ಉದ್ದ ಕೋಲು ನೆಡಿಸಿ, ಯಾವುದರ ನೆರಳು ಮೊದಲು ಕಲ್ಲು ಬಿಡುತ್ತದೆ ನೋಡ್ರಿ ಎಂದಳು. ಗಿಡ್ಡದ್ದು ಮೊದಲು ಬಿಟ್ಟಿತು, ಉದ್ದದ್ದು ತಡ ಮಾಡಿತು. ಅಷ್ಟೇ ಪಾಠ. ಸತ್ತೆವ್ವನ ಮಗ ಸಿದ್ರಾಯ ಮಾತ್ರ ಕೋಲು ಬಿಟ್ಟು ತಲೆಯೆತ್ತಿ ಗಿಡವನ್ನು ನೋಡಿದ.

"ಅಕ್ಕೋರ, ನಮ್ಮ ಮುತ್ಯಾನ ಕಾಲಕ್ಕ ಈ ಗಿಡಾ ಇಷ್ಟಽ ಎತ್ತರ ಇತ್ತೇನ್ರಿ?"

"ನೀನಽ ವಿಚಾರ ಮಾಡು" ಎಂದಿದ್ದಳಂತೆ ಅನ್ನಪೂರ್ಣಾ.

ಅವನು ವಿಚಾರ ಮಾಡಿದ್ದ. ಮನೆಗೆ ಹೋಗಿ ಕಾಕಾ ಬೀರಸಿದ್ದಪ್ಪನಿಗೂ ಹೇಳಿದ್ದ. ಬೀರಸಿದ್ದಪ್ಪ ಈ ದಿನ ಬೆಳಗಾಗುತ್ತಲೇ ಕಾಲುವೆಗೆ ಹೋಗಿ, ನೆರಳು ಇನ್ನೂ ಕಲ್ಲಿನ ಮೇಲೆ ಇರುವಾಗಲೇ ನೀರು ತಿರುಗಿಸಲು ನೋಡಿದ್ದ. ವೀರಪ್ಪನ ಆಳು ತಡೆದಿದ್ದ. ಇಬ್ಬರ ಸಲಿಕೆಯೂ ಮೇಲೆದ್ದು, ನಡುವೆ ಯಾರೋ ಬಂದು ಬಿಡಿಸಿದ್ದರು.

"ನಾಳೆ ಸಭಾ ಕರೀರಿ" ಎಂದ ವೀರಪ್ಪ. "ಆಕಿನ್ನ ತೆಗೀರಿ. ಇಲ್ಲಾಂದ್ರ ಪೈಪ್ ಬಂದ್. ಮೊಮ್ಮಗಳನ್ನೂ ಮೂಡಲಗಿ ಇಂಗ್ಲಿಷ್ ಸಾಲಿಗೆ ಹಾಕ್ತೇನಿ. ಅಲ್ಲಿ ಯಾರೂ ಗಿಡದ ಎತ್ತರ ಕೇಳೂದಿಲ್ಲ."

ಕಾಶಿನಾಥ ಅನ್ನಪೂರ್ಣಾಳನ್ನು ಆಫೀಸಿಗೆ ಕರೆಸಿದ. ಕೈಯೆಲ್ಲ ಸುಣ್ಣದ ಪುಡಿ ಮಾಡಿಕೊಂಡು ಬಂದಳು.

"ಅಕ್ಕೋರ, ಪುಸ್ತಕದಾಗ ಗಡಿಯಾರದ ಚಿತ್ರ ಐತಿ. ದೊಡ್ಡ ಮುಳ್ಳು, ಸಣ್ಣ ಮುಳ್ಳು. ಅದನ್ನ ತೋರ್ಸಿದ್ರ ಸಾಲ್ತಿರಲಿಲ್ಲೇನ್ರಿ?"

"ತೋರ್ಸೀನ್ರಿ ಸರ. ಆಕಳಿಸಿದ್ರು."

"ಆಕಳಸಲಿ! ಹುಡುಗ್ರು ಆಕಳಿಸಿದ್ರ ಯಾರದರ ಸಲಿಕಿ ಮ್ಯಾಲ ಏಳ್ತೈತೇನು?"

"ನಾ ಯಾರಿಗೂ ಕಳ್ಳ ಅಂದಿಲ್ರಿ. ಗಿಡಾ ಬೆಳೀತೈತಿ ಅನ್ನೂದು ಸುಳ್ಳೇನ್ರಿ?"

"ಖರೆ. ಖರೆ ಇರೂದಕ್ಕಽ ಇಷ್ಟು ತ್ರಾಸ ಆಗೇತಿ."

ಅವಳು ಕೈಯ ಸುಣ್ಣ ಉಜ್ಜಿಕೊಳ್ಳುತ್ತಾ ನಿಂತಳು. "ನನ್ನ ತೆಗೀತೀರೇನ್ರಿ ಸರ?"

"ನಾಳೆ ನೋಡೂಣು. ಅಲ್ಲೀತನಕ ಅವರನ್ನ ಕೋಣಿ ಒಳಗ ಕೂಡ್ರಸ್ರಿ, ನಿಮಗ ಕೈ ಮುಗೀತೇನಿ."

ಕಾಶಿನಾಥನಿಗೆ ಈ ಉತ್ಸಾಹವೆಂಬ ಮಾತೇ ಸಾಕಾಗಿತ್ತು. ತರಬೇತಿಗೆ ಹೋದಾಗಲೆಲ್ಲ ಎದ್ದು ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ, ಉತ್ಸಾಹದಿಂದ ಕಲಿಸಿ ಎನ್ನುತ್ತಾರೆ. ಉತ್ಸಾಹ ಬಂದ ಮೇಲೆ ಊರಿಗೆ ಏನು ಹೇಳಬೇಕು ಎಂದು ಯಾವ ತರಬೇತಿಯಲ್ಲೂ ಹೇಳುವುದಿಲ್ಲ.

ಮಧ್ಯಾಹ್ನ ಸತ್ತೆವ್ವ ಬಂದಳು. ನಡೆದುಬಂದ ಬಿಸಿಲಿಗೆ ಮುಖ ಕೆಂಪಾಗಿತ್ತು. ಕಾಶಿನಾಥನಿಗೆ ಒಂದು ಗಳಿಗೆ ಹಗುರವೆನಿಸಿತು. ಈ ಪಾಠದಿಂದ ಒಳ್ಳೆಯದಾಗುವುದಿದ್ದರೆ ಇವಳಿಗೇ. ಸಭೆಯಲ್ಲಿ ನಮ್ಮ ಕಡೆ ಒಬ್ಬರಾದರೂ ಮಾತಾಡುತ್ತಾರೆ.

"ಬಾ ಯವ್ವಾ, ಕುಂಡ್ರು. ನಿನಗರ ಸಮಾಧಾನ ಆಗಿರಬೇಕು."

"ಎಂಥಾ ಸಮಾಧಾನ್ರಿ ಮಾಸ್ತರ? ನಮ್ಮ ಬಾಯಾಗ ಮಣ್ಣ ಹಾಕಿದ್ರಿ. ಕಬ್ಬು ಕಡದ ಮ್ಯಾಲ ನಮ್ಮ ಕುರಿ ರಾತ್ರಿ ಸಾವ್ಕಾರ್ರ ಹೊಲದಾಗ ತರಬಿ ನಿಲ್ಲಸ್ತೀವಿ. ಗೊಬ್ಬರ ಅವರಿಗೆ, ಕಾಳು ನಮಗ. ಈಗ ಅವರು ಬ್ಯಾಡ ಅಂದ್ರ ಕುರಿ ಎಲ್ಲಿ ನಿಲ್ಲಸ್ಲಿ, ನಿಮ್ಮ ಸಾಲಿ ಅಂಗಳದಾಗೇನು?"

"ಅಲ್ಲವ್ವಾ, ನೀರು ಕಡಿಮಿ ಬರ್ತೈತಿ ಅಂತ ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿರಲಿಲ್ರಿ. ಗೊತ್ತಿರಲಿಲ್ಲ ಅಂತನಽ ಆರಾಮ ಇದ್ವಿ." ಅವಳು ಬಾಗಿಲಿಗೆ ಹೋಗಿ ಮತ್ತೆ ತಿರುಗಿದಳು. "ಆ ನಮ್ಮ ಹುಡುಗಗ ಸ್ವಲ್ಪ ಹೇಳ್ರಿ. ಮೊದಲ ಸಾಲಿಗೆ ಹೋಗು ಅಂತ ಬಡೀತಿದ್ದೆ. ಈಗ ಒಂದಿನ ಸಾಲಿ ಬಿಟ್ಟು ಕುರಿ ಹಿಂದ ಹೋಗಂತ ಬಡೀಬೇಕಾಗೇತಿ. ಎಂಥಾ ಅಕ್ಕೋರನ್ನ ತಂದೀರಿ!"

ಅಲ್ಲಿಗೆ ಲೆಕ್ಕ ಮುಗಿಯಿತು. ಮೇಲಿನವನಿಗೂ ಬೇಡ, ಕೆಳಗಿನವಳಿಗೂ ಬೇಡ. ಇನ್ನು ಯಾರಿಗಾಗಿ ಜಗಳ?

ಮರುದಿನ, ಸಭೆಗೆ ಮೊದಲೇ, ಕೆಲಸ ಬಿಡಿಸುವ ಮಾತನ್ನು ತಾನೇ ಹೇಳಿಬಿಡುವುದು ಮರ್ಯಾದೆ ಎಂದು ಕಾಶಿನಾಥ ಐದನೆಯ ತರಗತಿಯ ಬಾಗಿಲಿಗೆ ಹೋದ. 'ಅಕ್ಕೋರ, ಸ್ವಲ್ಪ ಹೊರಗ ಬರ್ರಿ' ಎಂಬ ಮಾತು ಬಾಯಿಯಲ್ಲಿ ಸಿದ್ಧವಿತ್ತು.

ಅವಳು ಅವನ ಮಾತು ನಡೆಸಿದ್ದಳು. ಎಲ್ಲರೂ ಒಳಗೇ ಇದ್ದರು. ನೆಲದ ಮೇಲೆ ಸುಣ್ಣದಲ್ಲಿ ಊರಿನ ನಕಾಶೆ ಬರೆದು, ಅದರ ಸುತ್ತ ಬೋರಲು ಬಿದ್ದಿದ್ದರು. ಅನ್ನಪೂರ್ಣಾಳೂ ಮೊಣಕಾಲೂರಿ ಕೂತಿದ್ದಳು. ಐಶ್ವರ್ಯ ಮತ್ತು ಸಿದ್ರಾಯ ತಲೆಗೆ ತಲೆ ತಾಗಿಸಿಕೊಂಡು ಕಾಲುವೆ ಎಲ್ಲಿ ತಿರುಗುತ್ತದೆ ಎಂದು ಕಿತ್ತಾಡುತ್ತಿದ್ದರು.

"ಏ ಹುಚ್ಚಾ, ಅಲ್ಲಿ ನಮ್ಮ ದನದ ಮನಿ ಬರ್ತೈತಿ."

"ನಿಮ್ಮ ದನದ ಮನಿ ಕಾಲವಿ ಮ್ಯಾಲ ಕಟ್ಟೀರೇನು ಹಂಗಾರ?"

ಕಾಶಿನಾಥ ಕೆಮ್ಮಿದ. ಯಾರೂ ತಿರುಗಿ ನೋಡಲಿಲ್ಲ. ಚಪ್ಪಲಿ ಸಪ್ಪಳ ಮಾಡಿದ. ಊಹೂಂ. ಅವನ ತರಗತಿಯಲ್ಲಿ ಹೀಗಾದದ್ದೇ ಇಲ್ಲ. ಬಾಗಿಲಲ್ಲಿ ನಾಯಿಯ ಬಾಲ ಕಂಡರೂ ಮೂವತ್ತು ತಲೆಗಳು ಒಟ್ಟಿಗೆ ಅತ್ತ ತಿರುಗುತ್ತಿದ್ದವು. ಅಧಿಕಾರಿಗಳು ಬಂದರೆ ಮಕ್ಕಳು ಥಟ್ಟನೆ ಎದ್ದು ನಮಸ್ಕಾರ ಎನ್ನುವರು. ಎಂಥಾ ಶಿಸ್ತು ಎಂದು ಅವರು ಹೊಗಳಿದ್ದರು. ಶಿಸ್ತಲ್ಲ ಅದು. ಆ ಕಣ್ಣುಗಳು ಮೊದಲಿನಿಂದಲೂ ಬಾಗಿಲಲ್ಲೇ ಇರುತ್ತಿದ್ದವು.

ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳುವಂತಿರಲಿಲ್ಲ. ಬಾಯಿಯಲ್ಲಿದ್ದ ಮಾತನ್ನು ಹಾಗೇ ಇಟ್ಟುಕೊಂಡು ಆಫೀಸಿಗೆ ಬಂದು ಕೂತ.

ಸಭೆಗೆ ವೀರಪ್ಪ, ಹಾಲಿನ ಡೇರಿಯ ಕಾರ್ಯದರ್ಶಿ ಸೋಮಶೇಖರ, ಇನ್ನೂ ಕೆಲವರು ಬಂದರು. ಸತ್ತೆವ್ವ ಬಾಗಿಲ ಬಳಿ ಕೂತಳು. ಬಾಳವ್ವ ಚಹಾ ಕೊಡುವ ನೆಪದಲ್ಲಿ ಅಲ್ಲೇ ನಿಂತಳು.

"ಹೂಂ, ಮಾಸ್ತರ. ಮುಗಸ್ರಿ" ಎಂದ ವೀರಪ್ಪ.

"ತೆಗ್ಯಾಂಗಿಲ್ರಿ" ಎಂದ ಕಾಶಿನಾಥ.

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ವೀರಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ.

"ಆಕಿನ್ನ ತೆಗದ್ರ ಐದನೆತ್ತೆ ನನ್ನ ಕೈಯಾಗ ಬರ್ತೈತ್ರಿ ಸಾವ್ಕಾರ. ನನ್ನ ಮುಂದ ಕುಂತ ಹುಡುಗ್ರು ಬಾಗಿಲಾ ಕಾಯ್ತಾರ, ಯಾರರ ಬರ್ಲಿ, ಗಂಟಿ ಆಗ್ಲಿ ಅಂತ. ಇಷ್ಟು ವರ್ಷ ಹಂಗಽ ನಡಸೀನಿ. ನಿಮ್ಮ ಮೊಮ್ಮಗಳು ಆಕಿ ಮುಂದ ಕುಂತ್ರ ಬಾಗಿಲಾ ಐತಿ ಅನ್ನೂದಽ ಮರೀತಾಳ. ನನಗ ಆಕಿ ಕೂಡ ಏಗಿ ಏಗಿ ಸಾಕಾಗೇತಿ, ನಿಮಗಿಂತ ಹೆಚ್ಚು ಸಾಕಾಗೇತಿ. ಆದ್ರೂ ಕಳಸೂದಿಲ್ಲ."

"ಹಂಗಾದ್ರ ಪಾಳಿ?"

"ಪಾಳಿ ನಿಮ್ಮದು. ನೀವೂ ಸತ್ತೆವ್ವನೂ ಕುಂತು ಮಾತಾಡ್ರಿ. ಹಿರ್ಯಾರು ಮಾತಾಡಿದ್ದು ಗಿಡದ ಕೂಡ ಅಲ್ಲ, ಮನಷ್ಯಾರ ಕೂಡ."

ಸತ್ತೆವ್ವ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ವೀರಪ್ಪ ಅವಳತ್ತ ಒಮ್ಮೆ ನೋಡಿ ಮುಖ ತಿರುಗಿಸಿದ.

"ನೀರು ಬಂದ್ ಮಾಡ್ತೇನಿ ಮಾಸ್ತರ. ಆಮ್ಯಾಲ ಬ್ಯಾಸರ ಮಾಡ್ಕೊಬ್ಯಾಡ್ರಿ."

"ಮಾಡ್ರಿ."

"ಮಾಸ್ತರ, ಸ್ವಲ್ಪ ವಿಚಾರ ಮಾಡಿ ಮಾತಾಡ್ರಿ" ಎಂದ ಸೋಮಶೇಖರ. "ಸಾವ್ಕಾರ ಬಿಟ್ರೂ ಬಾಳವ್ವ ನಿಮ್ಮನ್ನ ಬಿಡಾಕಿ ಅಲ್ಲ."

ಬಿಡಲಿಲ್ಲ. ಮರುದಿನ ನಳ ಒಣಗಿತ್ತು. ಐಶ್ವರ್ಯ ಬಂದಿದ್ದಳು. ಅಜ್ಜ ಮೂಡಲಗಿಯ ಮಾತು ತೆಗೆದನಂತೆ, ಇವಳು ಊಟ ಬಿಟ್ಟಳಂತೆ, ಅವನು ಸುಮ್ಮನಾದನಂತೆ. ನಳಕ್ಕೆ ಮಾತ್ರ ಊಟ ಬಿಡುವವರು ಯಾರೂ ಇರಲಿಲ್ಲ. ಬಾಳವ್ವ ಖಾಲಿ ಕೊಡ ತಂದು ಕಾಶಿನಾಥನ ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲೇ ಇಟ್ಟಳು.

"ಭಾಷಣಾ ಭಾಳ ಚಂದ ಮಾಡಿದ್ರಿ. ಈಗ ಬರ್ರಿ, ಬೋರಿಂಗ್ ಹೊಡೀರಿ. ನಾ ಹೊರತೇನಿ."

ರಸ್ತೆಯಾಚೆಯ ಕೈಬೋರಿಂಗಿನ ಹಿಡಿಕೆ ಗಟ್ಟಿ. ಹತ್ತು ಸಲ ಒತ್ತಿದರೆ ಬೊಗಸೆ ನೀರು. ಕಾಶಿನಾಥನ ಅಂಗಿ ಬೆನ್ನಿಗೆ ಅಂಟಿತು. ಹಿಡಿದ ಸೊಂಟ ಇನ್ನಷ್ಟು ಹಿಡಿಯಿತು. ಅನ್ನಪೂರ್ಣಾ ಇನ್ನೊಂದು ಕೊಡ ಹಿಡಿದು ಬಂದು, ಬಾಜೂ ನಿಂತು, ಏನೋ ಹೇಳಲು ಹೊರಟಳು.

"ಉಪಕಾರ ಅನಬ್ಯಾಡ್ರಿ" ಎಂದ ಅವನು ಏದುಸಿರಿನಲ್ಲಿ. "ಮುಂದಿನ ವಾರ ಏನು ಕಲಸ್ತೀರಿ, ಅದನ್ನ ಹೇಳ್ರಿ ಮೊದಲ."

"ಅಳತಿ ರಿ ಸರ. ಲೀಟರು." ಅವಳ ಮುಖ ಅರಳಿತು. "ಹುಡುಗ್ರನ್ನ ಡೇರಿಗೆ ಕರ್ಕೊಂಡು ಹೋಗಿ, ಅಲ್ಲಿ ಹಾಲು ಹ್ಯಾಂಗ ಅಳೀತಾರ ಅಂತ—"

"ಡೇರಿ ಯಾರ ಕೈಯಾಗೈತಿ ಗೊತ್ತೈತೇನ್ರಿ?"

"ಗೊತ್ತೈತ್ರಿ. ಸೋಮಶೇಖರ ಸರ್ ಕೈಯಾಗ."

ಕಾಶಿನಾಥ ಹಿಡಿಕೆ ಬಿಟ್ಟು, ಎರಡೂ ಕೈಗಳಿಂದ ಸೊಂಟ ಹಿಡಿದು ನಿಂತ. ಏನೇನೋ ಬೈಗುಳ ಬಾಯಿಗೆ ಬಂದವು. ಬಾಳವ್ವ ಅದನ್ನೇ ಕಾಯುತ್ತ ನಿಂತಿದ್ದಳು.

"ಹೋಗೂ ದಿನ ನನಗ ಹೇಳ್ರಿ" ಎಂದ ಕೊನೆಗೆ. "ನಾನೂ ಬರ್ತೇನಿ. ಬಡದಾಟ ಆದ್ರ ಬಿಡಸಾಕ ಯಾರರ ಬೇಕಲ್ಲ."