ಭಟ್ಟಿ ಓಣಿಯ ವಾಕರ್

ನಾನು ನಾಲ್ಕು ಕಾಲಿನ ವಾಕರ್. ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಪೈಪು ಕೊಯ್ದು, ಬಗ್ಗಿಸಿ, ಕಾಲಿಗೆ ರಬ್ಬರ್ ತೊಡಿಸಿ ನನ್ನನ್ನು ನಿಲ್ಲಿಸಿದರು. ಮೊದಲು ಸೊಂಟ ಮುರಿದ ಟೀಚರಮ್ಮನೊಬ್ಬರ ಮನೆಯಲ್ಲಿದ್ದೆ. ಅವರು ತೀರಿಕೊಂಡ ಮೇಲೆ ಮಗಳು ನನ್ನನ್ನು ದಾವಣಗೆರೆಯ ಒಂದು ಆಸ್ಪತ್ರೆಗೆ ಕೊಟ್ಟಳು. ಅಲ್ಲಿಂದ ಫಿಸಿಯೋಥೆರಪಿಸ್ಟ್ ನಾಗವೇಣಿ ನನ್ನನ್ನು ಸ್ಕೂಟರಿಗೆ ಕಟ್ಟಿ ಹಾಲೇಶಪ್ಪನ ಮನೆಗೆ ತಂದಳು.

ಹಾಲೇಶಪ್ಪ ಮಂಡಕ್ಕಿ ಭಟ್ಟಿಯಲ್ಲಿ ಉರಿ ಹಾಕುತ್ತಿದ್ದವನು. ಹೊಟ್ಟು, ಹಳೇ ಟೈರು, ಸಿಕ್ಕಿದ್ದೆಲ್ಲ ಸುಟ್ಟ ಹೊಗೆ ಕುಡಿದು ಅವನ ಶ್ವಾಸಕೋಶ ಕೆಟ್ಟಿತ್ತು. ಏದುಸಿರಿಗೆ ಹೆದರಿ ಮಂಚ ಹಿಡಿದಿದ್ದ. ಹೆಂಡತಿ ಕೆಂಚಮ್ಮ ನೀರಿನ ಲೋಟವನ್ನೂ ಬಾಯಿಗೇ ಹಿಡಿಯುತ್ತಿದ್ದಳು. ಅವನ ಕಾಲುಗಳು ಕಡ್ಡಿಯಾಗಿದ್ದವು.

“ನಡೆಸಿದ್ರೆ ಜೀವ ಹೋಗುತ್ತಮ್ಮ,” ಎಂದಳು ಕೆಂಚಮ್ಮ.

“ಮಲಗಿಸಿದ್ರೆ ಇನ್ನೂ ಬೇಗ ಹೋಗುತ್ತೆ,” ಎಂದಳು ನಾಗವೇಣಿ. ಅವನ ಕಡೆ ತಿರುಗಿ, “ದಮ್ಮು ಬಂದ್ರೆ ಇದರ ಮೇಲೆ ಬಗ್ಗಿ ನಿಂತ್ಕಳಿ. ತುಟಿ ಸಣ್ಣಗೆ ಮಾಡಿ ಊದಿ. ಇಳಿದ ಮೇಲೆ ಮತ್ತೆ ನಡೀರಿ,” ಎಂದಳು.

ಮೊದಲ ದಿನ ಬಾಗಿಲ ತನಕ ಬಂದು ಅತ್ತುಬಿಟ್ಟ. ಅವನ ಎದೆಯ ಸಿಳ್ಳು ನನ್ನ ಪೈಪಿನೊಳಗೂ ಕೇಳುತ್ತಿತ್ತು. ಮಳೆಗಾಲ ಕಳೆಯುವ ಹೊತ್ತಿಗೆ ಬೀದಿ ನಲ್ಲಿಯ ತನಕ ಹೋಗಿ ಬರುವಂತಾದ. ತಾನೇ ಸ್ನಾನ ಮಾಡಿಕೊಳ್ಳತೊಡಗಿದ.

ಮಗಳು ಕರಿಬಸಮ್ಮ ಬಟ್ಟೆ ಅಂಗಡಿ ಕೆಲಸಕ್ಕೆ ಹೋಗುತ್ತಾಳೆ ಎಂದು ಮನೆಯಲ್ಲಿ ಅವನಿಗೆ ಹೇಳಿದ್ದರು. ಆದರೆ ಅವಳ ಕೂದಲಿನ ವಾಸನೆ ಅವನಿಗೆ ಗೊತ್ತಿರುವ ಭಟ್ಟಿ ಹೊಗೆಯ ವಾಸನೆ. ಒಂದು ಬೆಳಿಗ್ಗೆ ಯಾರಿಗೂ ಹೇಳದೆ, ನನ್ನನ್ನು ಹಿಡಿದು, ನಿಂತು ನಿಂತು ಓಣಿ ದಾಟಿದ. ಭಟ್ಟಿಯೊಳಗೆ, ತಾನು ಕೂರುತ್ತಿದ್ದ ಜಾಗದಲ್ಲೇ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮಗಳು ಒಲೆಗೆ ಹೊಟ್ಟು ಎರಚುತ್ತಿದ್ದಳು.

“ಏಳು, ಮನೆಗ್ ನಡಿ.”

“ಮನೇಲಿ ಒಲೆ ಹಚ್ಚೋದು ಹೆಂಗಪ್ಪ?”

“ನಾನ್ ಕೂರ್ತೀನಿ ಇಲ್ಲಿ.”

“ಇಲ್ಲೀತನಕ ನಡಕಂಡ್ ಬಂದೆಯಲ್ಲ, ಅಷ್ಟ್ ಸಾಕು ನಂಗೆ,” ಎಂದಳು.

ಅವನು ಏನೋ ಹೇಳಲು ಬಾಯಿ ತೆರೆದ. ಹೊಗೆ ಒಳಹೊಕ್ಕಿತು. ನನ್ನ ಮೇಲೆ ಬಗ್ಗಿಬಿಟ್ಟ. ಮಗಳೇ ಅವನನ್ನು ಮನೆಗೆ ಮುಟ್ಟಿಸಿ, ಮತ್ತೆ ಕೆಲಸಕ್ಕೆ ಹೋದಳು.

ಚಳಿಗಾಲದಲ್ಲಿ ಹೊಗೆ ಓಣಿಯಲ್ಲೇ ಇಳಿದು ನಿಲ್ಲುತ್ತದೆ. ಅಂಥ ಒಂದು ವಾರದಲ್ಲಿ ಹಾಲೇಶಪ್ಪ ತೀರಿಹೋದ. ಹಿಂದಿನ ದಿನವೂ ನಡೆದಿದ್ದ.

ಈಗ ನಾನು ಹಿತ್ತಿಲ ಗೋಡೆಗೆ ಒರಗಿದ್ದೇನೆ. ಒಂದು ಕಾಲಿನ ರಬ್ಬರ್ ಕಳಚಿಹೋಗಿದೆ. ಹಿಡಿದವರನ್ನು ನಾನು ನಡೆಸಬಲ್ಲೆ. ಅವರು ಕುಡಿಯುವ ಗಾಳಿಯನ್ನು ಬದಲಿಸಲಾರೆ. ಮೊನ್ನೆ ನಾಗವೇಣಿ ಬಂದಿದ್ದಳು, ಬೇರೆ ರೋಗಿಗೆ ನನ್ನನ್ನು ಒಯ್ಯಲು. ಒಳಗೆ ಕೆಲಸದಿಂದ ಬಂದ ಕರಿಬಸಮ್ಮ ಕೆಮ್ಮುತ್ತಿದ್ದಳು. ಕೆಂಚಮ್ಮ ಸ್ವಲ್ಪ ಹೊತ್ತು ಅದನ್ನೇ ಕೇಳಿಸಿಕೊಂಡಳು.

“ಇರ್ಲಿ ಬಿಡಮ್ಮ,” ಎಂದಳು. “ನಮಗೇ ಬೇಕಾಗುತ್ತೆ.”