ಅಂದಾನೆಪ್ಪನ ಹೂಂ

ಸುರೇಖಾ ನಾಲ್ಕನೆಯ ಸಲ ಪಡಸಾಲೆಗೆ ಬಂದು ನಿಂತಳು. ಮಾವ ಅಂದಾನೆಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ನಾಳೆ ಹಾವೇರಿಯ ಕಾಲೇಜೊಂದರಲ್ಲಿ ಅವಳ ಭಾಷಣ. ಹೋಗಿ ಬರುತ್ತೇನೆಂದು ನಾಲ್ಕು ದಿನದಿಂದ ಹೇಳುತ್ತಿದ್ದರೂ ಅವನು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಅವನ ಹೂಂ ಇಲ್ಲದೆ ಆ ಮನೆಯ ಹೊಸ್ತಿಲನ್ನು ಯಾರೂ ದಾಟುವಂತಿರಲಿಲ್ಲ. ಅವಳ ಗಂಡ ಚೇತನಕುಮಾರ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಮೂವತ್ತೈದರ ಗಂಡಸು. ಕಟಿಂಗಿಗೆ ಹೋಗುವಾಗಲೂ ಕೇಳಿಯೇ ಹೋಗುತ್ತಿದ್ದ. ಅಂದಾನೆಪ್ಪ ಮಾತ್ರ ಯಾರಿಗೂ ಹೇಳದೆ ಚಪ್ಪಲಿ ಮೆಟ್ಟುತ್ತಿದ್ದ.

ಗಂಡನಿಗೆ ಹೇಳಿದರೆ, ಅಪ್ಪನನ್ನೇ ಕೇಳು ಅಂದ. ಅವಳಿಗೆ ಮೈಯೆಲ್ಲ ಉರಿಯಿತು.

ಪಿಯುಸಿ ಹುಡುಗರಿಗೆ ತರ್ಕಶಾಸ್ತ್ರ ಕಲಿಸುವವಳು ಈ ಸಲದ ಭಾಷಣವನ್ನು ಮನೋವಿಶ್ಲೇಷಣೆಯ ಬಗ್ಗೆ ಬರೆದಿದ್ದಳು. ಗಂಡು ಹೆಣ್ಣಿನ ಭೇದ ಇರುವುದು ಮೈಯಲ್ಲಲ್ಲ, ನಿಯಮಕ್ಕೆ ಸಿಕ್ಕಿಕೊಳ್ಳುವ ರೀತಿಯಲ್ಲಿ. ಒಬ್ಬ ನಿಯಮದ ಹೊರಗಿರುವುದರಿಂದಲೇ ಉಳಿದ ಗಂಡಸರೆಲ್ಲ ಅದರ ಒಳಗೆ. ಹೆಂಗಸರಲ್ಲಿ ಹೊರಗಿರುವವಳು ಒಬ್ಬಳೂ ಇಲ್ಲ. ಆದರೂ ಪೂರ್ತಿ ಒಳಗಿರುವವಳೂ ಇಲ್ಲ. ಗಂಡಸರ ಬಗೆಗಿನ ಮಾತಿಗೆ ಉದಾಹರಣೆ ಮನೆಯಲ್ಲೇ ಕೂತಿತ್ತು. ಹೆಂಗಸರ ಬಗೆಗಿನದು ಬರೆದ ಅವಳಿಗೇ ಸುಳ್ಳೆನಿಸುತ್ತಿತ್ತು.

ಅಡುಗೆಮನೆಯಲ್ಲಿ ಅತ್ತೆ ಸುಶೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಸುರೇಖಾ ನಿಂತಲ್ಲಿ ನಿಲ್ಲಲಾರದೆ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ತಿರುಗಾಡಿದಳು.

"ನೀವು ಒಮ್ಮೆನೂ ಕೇಳದ ಹೋಗಿಲ್ಲೇನ್ರಿ, ಅತ್ತಿ?"

"ಇಲ್ಲವಾ. ನಲವತ್ತು ವರ್ಷ ಆತು, ಒಮ್ಮೆನೂ ಇಲ್ಲ." ಸುಶೀಲವ್ವ ರೊಟ್ಟಿ ತಿರುವಿದಳು. "ಹೂಂ ಅಂದಮ್ಯಾಲ, ಎಲ್ಲಿ ಹೋಗಿ ಬಂದಿ ಅಂತ ಅವರೂ ಒಮ್ಮೆನೂ ಕೇಳಿಲ್ಲ."

ಮರುದಿನ ಬೆಳಿಗ್ಗೆ ಸುಶೀಲವ್ವನೇ ಪಡಸಾಲೆಗೆ ಹೋಗಿ, ಸೊಸೆಯನ್ನು ಕರೆದುಕೊಂಡು ಹಾವೇರಿಯ ಗುಡಿಗೆ ಹೋಗಿಬರುವುದಾಗಿ ಹೇಳಿದಳು. ಪೇಪರಿನ ಹಿಂದಿನಿಂದ ಹೂಂ ಬಂತು. ಸುರೇಖಾಗೆ ಖುಷಿಯೂ ಆಯಿತು, ನಾಲ್ಕು ದಿನ ಸುಮ್ಮನೆ ಬೆಂದೆನಲ್ಲ ಎಂದು ಸಿಟ್ಟೂ ಬಂತು.

ಬಸ್ಸು ದಾರಿಯಲ್ಲಿನ ಮೋಟೆಬೆನ್ನೂರಿನಲ್ಲಿ ನಿಂತಾಗ ಸುಶೀಲವ್ವ ಎದ್ದಳು.

"ನೀ ಹೋಗಿ ನಿನ್ನ ಭಾಷಣ ಮಾಡವಾ. ಐದರ ಬಸ್ಸಿಗೆ ನಾ ಇಲ್ಲೇ ಹತ್ತತೇನಿ."

ಆ ಊರಲ್ಲಿ ಅವರಿಗೆ ನೆಂಟರು ಯಾರೂ ಇರಲಿಲ್ಲ. ಎಲ್ಲಿಗೆ ಎಂದು ಕೇಳಲು ಸುರೇಖಾ ಬಾಯಿ ತೆರೆದಳು. ನಲವತ್ತು ವರ್ಷ ಮಾವನೂ ಕೇಳದ ಪ್ರಶ್ನೆ ಅದು ಎಂದು ನೆನಪಾಗಿ, ಕಾಲು ಸರಿಸಿ ದಾರಿ ಬಿಟ್ಟಳು. ಕಂಡಕ್ಟರ್ ಸೀಟಿ ಊದಿದ.

ಕಿಟಕಿಗೆ ಮುಖ ಒತ್ತಿ ನೋಡಿದಳು. ಹೈವೇ ಅಗಲ ಮಾಡಲು ಸುರಿದಿದ್ದ ಮಣ್ಣಿನ ಗುಡ್ಡೆಗಳನ್ನು ಹತ್ತಿಳಿದ ಅತ್ತೆ, ತಲೆಯಿಂದ ಜಾರಿದ ಸೆರಗನ್ನು ಎಳೆದುಕೊಳ್ಳದೆ, ಊರಿನ ದಾರಿ ಬಿಟ್ಟು ಹೊಲದ ದಾರಿ ಹಿಡಿದು ಸರಸರನೆ ನಡೆಯುತ್ತಿದ್ದಳು.