ಪಟಾನ್‌ಚೆರು ಸೋತ ಭಾನುವಾರ

ಬಂಡೆಮ್ಮ ಅಂದು ಮೈದಾನದಿಂದ ತನ್ನ ಖಾನಾವಳಿಯವರೆಗೆ ಬೈಯುತ್ತಲೇ ಬಂದಳು. ಅಂಪೈರನ್ನು ಬೈದಳು, ಬೇಗಂ ಬಜಾರಿನ ಹಮಾಲರನ್ನು ಬೈದಳು, ಹಾರ್ನ್ ಹೊಡೆದ ತಪ್ಪಿಗೆ ಯಾರೋ ಆಟೊದವನನ್ನೂ ಬೈದಳು. ಆಟೊದವನು ಕಬಡ್ಡಿ ಆಡಿದವನಲ್ಲ, ನೋಡಿದವನೂ ಅಲ್ಲ, ಆದರೂ ಬೈಸಿಕೊಂಡ. ಬೈಯದೆ ಉಳಿಸಿಕೊಂಡಿದ್ದು ಒಬ್ಬನನ್ನೇ, ಸ್ವಂತ ಮಗ ಸಾಯಿಕುಮಾರನನ್ನು. ಅವನದು ಮನೆಗೆ ಹೋದ ಮೇಲೆ ಇತ್ತು.

ಆಗಿದ್ದು ಇಷ್ಟು. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗಳಲ್ಲಿ ದುಡಿಯುವ ಸೇಡಂ, ಚಿಂಚೋಳಿ, ಯಾದಗಿರಿ ಕಡೆಯ ಹುಡುಗರದೊಂದು ಕಬಡ್ಡಿ ತಂಡ. ಹೈದರಾಬಾದಿನಲ್ಲಿರುವ ನಮ್ಮ ಕಡೆಯವರ ತಂಡಗಳೆಲ್ಲ ವರ್ಷಕ್ಕೊಮ್ಮೆ ಒಂದು ಕಪ್ಪಿಗಾಗಿ ಹೊಡೆದಾಡುತ್ತವೆ. ನಾಲ್ಕು ವರ್ಷ ಪಟಾನ್‌ಚೆರು ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕಿ ಬಂದಿತ್ತು. ಈ ಸಲ ಸೆಮಿಫೈನಲ್. ಎದುರಿಗೆ ಬೇಗಂ ಬಜಾರಿನ ಹಮಾಲರು, ಕ್ವಿಂಟಲ್ ಮೂಟೆ ಬೆನ್ನಿಗೇರಿಸಿಕೊಂಡು ಮೆಟ್ಟಿಲು ಹತ್ತುವ ಗಂಡುಗಳು. ಕೊನೆಯ ರೈಡಿಗೆ ಪಟಾನ್‌ಚೆರು ಒಂದು ಅಂಕ ಮುಂದಿತ್ತು, ಆದರೆ ಅಂಕಣದಲ್ಲಿ ಉಳಿದಿದ್ದವನು ಸಾಯಿಕುಮಾರ ಒಬ್ಬನೇ. ಅವನನ್ನು ಮುಟ್ಟಿದರೆ ಎದುರಾಳಿಗೆ ಒಂದು ಅಂಕ, ಪೂರ್ತಿ ತಂಡ ಔಟಾಗಿದ್ದಕ್ಕೆ ಮೇಲೆ ಇನ್ನೆರಡು. ಹಮಾಲರವನು ಬಂದು ಕೈ ಬೀಸಿದ, ಕಾಲು ಬೀಸಿದ. ಸಾಯಿಕುಮಾರ ಮೀನಿನ ಹಾಗೆ ನುಣುಚಿಕೊಂಡ. ಬಂದವನು ತಲೆ ತಗ್ಗಿಸಿಕೊಂಡು ಗೆರೆ ದಾಟಿದ, ಸೀಟಿ ಊದಿದರು. ಬಂಡೆಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಕುಣಿದಳು. ಐವತ್ತರ ಹತ್ತಿರದ ಹೆಂಗಸು, ಮಂದಿ ಏನಂದಾರು ಎಂಬ ಖಬರಿಲ್ಲದೆ ಕುಣಿದಳು.

ಅಷ್ಟರಲ್ಲಿ ಸಾಯಿಕುಮಾರ ಬಲಗೈ ಮೇಲೆತ್ತಿಕೊಂಡು ಅಂಪೈರನ ಹತ್ತಿರ ನಡೆದ. ಅವನ ಬೆರಳು ನನ್ನ ಹಿಮ್ಮಡಿಗೆ ತಾಗಿದೆ, ನಾನು ಔಟು ಎಂದ. ಯಾರೂ ನೋಡಿರಲಿಲ್ಲ. ಮುಟ್ಟಿದವನಿಗೇ ಗೊತ್ತಿರಲಿಲ್ಲ. ಅಂಪೈರು ಎರಡು ಸಲ ಕೇಳಿದರು, ಇವನು ಎರಡು ಸಲವೂ ಹೌದೆಂದ. ಮೂರು ಅಂಕ ಹೋದವು, ಅದರ ಜೊತೆ ಸೆಮಿಫೈನಲ್ಲೂ ಹೋಯಿತು.

ಮಗ ಹಿತ್ತಲ ದಾರಿಯಿಂದ ಮೊದಲೇ ಬಂದು, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಜೋಳದ ಚೀಲದ ಮೇಲೆ ಕೂತಿದ್ದ. ಇಪ್ಪತ್ತೆರಡು ವರ್ಷದ ಗಂಡು, ಮೈಯೆಲ್ಲ ಕೆಂಪು ಮಣ್ಣು. ಬಂಡೆಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಯಾಕ ಹೇಳಿದ್ಯೋ?"

"ತಾಗಿತ್ತವ್ವ."

"ಯಾರೂ ನೋಡಿರಲಿಲ್ಲ."

"ನನಗ ತಾಗಿತ್ತಲ್ಲ. ನನಗ ಗೊತ್ತಾತು."

ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಇವನು ಹುಟ್ಟಿದಾಗಿನಿಂದ ಹೀಗೆಯೇ. ಆರು ವರ್ಷದವನಿದ್ದಾಗ, ಬಸ್ಸಿನಲ್ಲಿ ಕಂಡಕ್ಟರ್ ಕೇಳಿದರೆ ನಾಲ್ಕು ವರ್ಷ ಅನ್ನಬೇಕು ಎಂದು ಹೇಳಿಕೊಟ್ಟಿದ್ದಳು. ಇವನು ಕಂಡಕ್ಟರನಿಗೆ, ನನಗ ಆರು, ಅವ್ವ ನಾಕು ಅನ್ನಂದಾಳ ಎಂದು ಒದರಿ ಇಡೀ ಬಸ್ಸನ್ನು ನಗಿಸಿದ್ದ. ಟಿಕೆಟ್ಟಿನ ದುಡ್ಡೂ ಹೋಯಿತು, ಮರ್ಯಾದೆಯೂ ಹೋಯಿತು. ಆಮೇಲೆ ಬೇಕಾದಷ್ಟು ಹೊಡೆದಳು, ಬುದ್ಧಿ ಹೇಳಿದಳು, ಏನೂ ಉಪಯೋಗವಾಗಲಿಲ್ಲ. ಇವನ ಬಾಯಲ್ಲಿ ಸುಳ್ಳು ಹೊರಡುತ್ತಿರಲಿಲ್ಲ. ಗಂಡ ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಮುಖ ತೋರಿಸುವವನು, ಆದ್ದರಿಂದ ಇವನ ಈ ಸತ್ಯದ ಹೊರೆಯನ್ನೆಲ್ಲ ಅವಳೊಬ್ಬಳೇ ಹೊತ್ತಿದ್ದಳು.

ಹೊರಗೆ ಮಂದಿ ಸೇರುವ ಸದ್ದಾಯಿತು. ಬಂಡೆಮ್ಮ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದಳು.

ತಂಡ ಸೋತ ದಿನವೇ ಅವಳ ಖಾನಾವಳಿಯಲ್ಲಿ ಪಂಚಾಯ್ತಿ ಕೂಡುವುದು ಪಟಾನ್‌ಚೆರುವಿನವರ ರೂಢಿ. ಯಾರಿಂದ ಸೋತೆವು, ಮುಂದಿನ ವರ್ಷ ಯಾರಿರಬೇಕು, ಯಾರನ್ನು ಕಿತ್ತೊಗೆಯಬೇಕು, ಎಲ್ಲ ಅಲ್ಲಿಯೇ ತೀರ್ಮಾನ. ಬಾಯ್ಲರಿನ ಮೇಲೆ ಮೂವತ್ತು ವರ್ಷ ದುಡಿದ ಮಲ್ಲಣ್ಣ ಕಾಕಾ ನಡುವಿನ ಮೇಜಿಗೆ ಕೂತು ಒಬ್ಬೊಬ್ಬರನ್ನೇ ಕೇಳುತ್ತಾನೆ. ಬೈದಾಡಿ, ಕೂಗಾಡಿ, ಕಡೆಗೆ ಎಲ್ಲರೂ ರೊಟ್ಟಿ ತಿಂದು ಏಳುತ್ತಾರೆ. ಅಂದೂ ಇಳಿಹೊತ್ತಿಗೆ ಮೂವತ್ತು ಮಂದಿ ಸೇರಿದರು. ಬಂಡೆಮ್ಮ ಕೈ ತೊಳೆದು ರೊಟ್ಟಿ ಬಡಿಯಲು ಕೂತಳು, ಆದರೆ ಕಿವಿಯೆಲ್ಲ ಆ ಕಡೆಗೇ ಇತ್ತು.

ಮೊದಮೊದಲು ಆಟದ್ದೇ ಮಾತು. ಬಲಗಡೆಯ ಕಾರ್ನರಿನಲ್ಲಿ ಆಡುವವನು ದಪ್ಪಗಾಗಿದ್ದಾನೆ, ಬಗ್ಗಲು ಬರುವುದಿಲ್ಲ ಎಂದ ಒಬ್ಬ. ಮುಂದಿನ ವರ್ಷ ಶಹಾಪುರದಿಂದ ಒಬ್ಬ ರೈಡರನ್ನು ಕರೆಸಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಹಚ್ಚೋಣ ಎಂದ ಇನ್ನೊಬ್ಬ. ಈ ಸಲ ತಂಡ ಚಲೋ ಇತ್ತು, ಒಂದೆರಡು ಜಾಗ ತುಂಬಿದರೆ ಬರುವ ವರ್ಷ ಕಪ್ಪು ನಮ್ಮದೇ ಎಂದು ಮಲ್ಲಣ್ಣ ಕಾಕಾ ಸಮಾಧಾನ ಹೇಳಿದ. ಬಂಡೆಮ್ಮನಿಗೆ ಸ್ವಲ್ಪ ಉಸಿರು ಬಂತು. ಹೀಗೇ ಹರಟಿ ಹೊಟ್ಟೆ ತುಂಬಿಸಿಕೊಂಡು ಹೋದರೆ ಸಾಕು ಅಂದುಕೊಂಡಳು.

ಕಲ್ಲೇಶ ಬಿಡಬೇಕಲ್ಲ. ಅವನು ರಾಸಾಯನಿಕದ ಡ್ರಮ್ಮು ಹೊರುವ ಆಳು, ಆ್ಯಸಿಡ್ ಸಿಡಿದು ಕತ್ತಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿತ್ತು. ಗೆದ್ದೇ ಬರುತ್ತೇವೆಂದು ಇಡೀ ಶಿಫ್ಟಿನವರ ಮುಂದೆ ಮೀಸೆ ತಿರುವಿ ಬಂದಿದ್ದವನು. ಸೋತದ್ದು ತಂಡ ಅಲ್ಲ, ಸೋಲಿಸಿದವನು ಒಬ್ಬ, ಅವನ ಮಾತು ಯಾಕೆ ಯಾರೂ ಎತ್ತುತ್ತಿಲ್ಲ ಎಂದು ಮೇಜು ಗುದ್ದಿದ. ಅಷ್ಟಾದದ್ದೇ ತಡ, ಎಲ್ಲರ ಬಾಯಿಂದ ಸಾಯಿಕುಮಾರನ ಹೆಸರೇ ಬರತೊಡಗಿತು. ದೊಡ್ಡ ಸತ್ಯವಂತ ಎಂದು ಒಬ್ಬ ಉಗುಳಿದ. ಹಮಾಲರ ಕೂಡ ಮೊದಲೇ ಮಾತಾಗಿರಬೇಕು ಎಂದ ಮತ್ತೊಬ್ಬ.

ಅಕ್ಷಯ ಎಂಬ ಲ್ಯಾಬಿನ ಹುಡುಗ, ತೆಳ್ಳನೆಯವನು, ಎದ್ದು ನಿಂತ. ಸಾಯಿಕುಮಾರ ಮಾಡಿದ್ದರಲ್ಲಿ ತಪ್ಪಿಲ್ಲ, ಇಂಥವನು ತಂಡದಲ್ಲಿದ್ದರೆ ನಾಳೆ ನಮ್ಮ ಮಾತನ್ನೂ ಅಂಪೈರು ನಂಬುತ್ತಾರೆ ಎಂದ. ಅವನ ಮಾತು ಮುಗಿಯಲಿಲ್ಲ. ಕಲ್ಲೇಶ ನೀರಿನ ಸ್ಟೀಲ್ ಜಗ್ಗನ್ನು ಎತ್ತಿ ಅವನ ತಲೆಗೆ ಬೀಸಿದ. ಅಕ್ಷಯನ ಹುಬ್ಬಿನ ಮೇಲೆ ಒಡೆದು ರಕ್ತ ಕಣ್ಣಿಗಿಳಿಯಿತು. ಕಲ್ಲೇಶನನ್ನು ಹಿಡಿಯಲು ಬಂದವನಿಗೆ ಯಾರೋ ಎದೆಗೆ ಒದ್ದರು, ಒದ್ದವನ ಕೊರಳಪಟ್ಟಿಯನ್ನು ಇನ್ಯಾರೋ ಹಿಡಿದರು. ಬೆಂಚು ಮಗುಚಿತು, ಬೇಳೆಯ ಬಕೆಟ್ಟು ಉರುಳಿ ನೆಲವೆಲ್ಲ ಹಳದಿಯಾಯಿತು, ಅದರ ಮೇಲೆಯೇ ಜಾರಿ ಬಿದ್ದು ಗುದ್ದಾಡಿದರು. ರಕ್ತ ನೋಡಿದ ಮೇಲೆ ಅವರ ಕಣ್ಣುಗಳೇ ಬೇರೆಯಾದವು.

"ಎಲ್ಲಿ ಅದಾನ ಅವ? ಯಾ ಕೈ ಎತ್ತಿದ್ದನೋ ಆ ಕೈ ಇವತ್ತ ಮುರೀತೀನಿ," ಎಂದ ಕಲ್ಲೇಶ.

ಕೋಣೆಯೊಳಗಿಂದ ಸಾಯಿಕುಮಾರನೇ ಉತ್ತರ ಕೊಟ್ಟ. "ಇಲ್ಲೇ ಅದೀನಿ. ಅವ್ವ, ಚಿಲಕ ತಗಿ."

ಮೂರ್ಖ, ಶತಮೂರ್ಖ, ಒಂದು ಗಳಿಗೆ ಸುಮ್ಮನಿದ್ದಿದ್ದರೆ ಇವನ ಗಂಟೇನು ಹೋಗುತ್ತಿತ್ತು. ಕಲ್ಲೇಶ ಅಡುಗೆಮನೆಗೆ ನುಗ್ಗಿ ಬಾಗಿಲಿಗೆ ಒದ್ದ. ಹಿಂದೆ ಹತ್ತು ಮಂದಿ. ಒಬ್ಬನ ಕೈಯಲ್ಲಿ ಮುರಿದ ಬೆಂಚಿನ ಕಾಲು, ಕಲ್ಲೇಶನ ಕೈಯಲ್ಲಿ ಒಲೆ ಊದುವ ಅವಳದೇ ಕಬ್ಬಿಣದ ಕೊಳವೆ. ಎರಡನೆಯ ಒದೆತಕ್ಕೆ ಚಿಲಕದ ಮೊಳೆ ಹೊರಬಂತು. ಇವರು ಮಗನನ್ನು ಕೊಲ್ಲುತ್ತಾರೆ ಎನ್ನುವುದು ಬಂಡೆಮ್ಮನಿಗೆ ನಿಚ್ಚಳವಾಗಿ ಗೊತ್ತಾಯಿತು.

ಆಗ ಅವಳ ತಲೆಗೆ ಊರಿನ ಒಂದು ದಾರಿ ಹೊಳೆಯಿತು. ಸಣ್ಣವಳಿದ್ದಾಗ ಅವಳ ಅಣ್ಣ ಯಾರದೋ ಹೊಲಕ್ಕೆ ದನ ಬಿಟ್ಟು ಪೈರು ಮೇಯಿಸಿದ್ದ. ಹೊಲದವರು ಕುಡಗೋಲು ಹಿಡಿದು ಮನೆಗೆ ಬಂದರು. ಅಪ್ಪ ಅಣ್ಣನನ್ನು ಎಳೆದು ತಂದು ಅವರ ಮುಂದೆಯೇ ಬಾರುಕೋಲಿನಿಂದ ಬಾರಿಸಿದ. ಮೂರು ಏಟು ಬೀಳುವಷ್ಟರಲ್ಲಿ ಹೊಲದವರೇ ಅಪ್ಪನ ಕೈ ಹಿಡಿದು, ಸಾಕು ಬಿಡೋ, ಕೂಸು ಸತ್ತೀತು ಎಂದು ಬಿಡಿಸಿದರು. ಹೆತ್ತವರು ಹೊಡೆದರೆ ಬೇರೆಯವರ ಕೈ ಇಳಿಯುತ್ತದೆ. ಮೂರು ಏಟು, ಹೆಚ್ಚೆಂದರೆ ನಾಲ್ಕು. ಅಷ್ಟರಲ್ಲಿ ಮಲ್ಲಣ್ಣ ಕಾಕಾ ಎದ್ದು ಬಂದು ಬಿಡಿಸುತ್ತಾನೆ ಎಂದು ಲೆಕ್ಕ ಹಾಕಿ, ಅವಳು ಒಲೆಯ ಪಕ್ಕದ ಕಟ್ಟಿಗೆ ಎತ್ತಿಕೊಂಡಳು.

"ಸರೀರಿ ಎಲ್ಲಾರು. ನನ್ನ ಹೊಟ್ಟ್ಯಾಗ ಹುಟ್ಟಿದ್ದು, ನಾನ ನೋಡ್ಕೋತೀನಿ."

ಮಗನ ಕೊರಳಪಟ್ಟಿ ಹಿಡಿದು ಎಲ್ಲರ ನಡುವೆ ಬೇಳೆ ಚೆಲ್ಲಿದ ನೆಲಕ್ಕೆ ಎಳೆದು ತಂದಳು. ಮೊದಲ ಏಟು ಬೆನ್ನಿಗೆ ಬಿತ್ತು. ಸಾಯಿಕುಮಾರ ಅಲುಗಲಿಲ್ಲ. ಎರಡನೆಯದು ತೊಡೆಗೆ. ಬಂಡೆಮ್ಮ ಮಲ್ಲಣ್ಣನ ಕಡೆ ನೋಡಿದಳು, ಅವನು ತಲೆಯ ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದ. ಮೂರು. ನಾಲ್ಕು. ಯಾರೂ ಮುಂದೆ ಬರಲಿಲ್ಲ. ಊರಲ್ಲಿ ಇಷ್ಟೊತ್ತಿಗೆ ಹತ್ತು ಕೈ ಅವಳ ಕೈ ಹಿಡಿಯುತ್ತಿದ್ದವು. ಇಲ್ಲಿ ಮೂವತ್ತು ಮಂದಿ ಗಂಡಸರು, ದಿನಾ ಅವಳ ಕೈಯ ರೊಟ್ಟಿ ತಿನ್ನುವವರು, ಮೈದಾನದಲ್ಲಿ ನಿಂತಂತೆ ಸುತ್ತ ನಿಂತು ನೋಡಿದರು. ಒಬ್ಬ ಫೋನ್ ತೆಗೆದು ವಿಡಿಯೊ ಮಾಡುತ್ತಿದ್ದ.

"ಬೆನ್ನಿಗೆ ಯಾಕ ಹೊಡೀತೀ ಅಕ್ಕಾ. ಕೈಗೆ ಹೊಡಿ," ಎಂದ ಕಲ್ಲೇಶ, ಕೊಳವೆ ಇನ್ನೂ ಹಿಡಿದುಕೊಂಡೇ.

ನಿಲ್ಲಿಸಿದರೆ ಆ ಕೊಳವೆ ಬೀಳುತ್ತದೆ. ಅವಳು ಹೊಡೆದಳು. ಮತ್ತೆ ಹೊಡೆದಳು. ಆರೋ ಏಳೋ ಆದ ಮೇಲೆ ಒಂದು ಕೆಟ್ಟದ್ದು ನಡೆಯಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಂಡೆಮ್ಮನಿಗೆ ನಿಜವಾಗಿಯೂ ಸಿಟ್ಟು ಬಂತು. ನಾಲ್ಕು ವರ್ಷ ತಂಡಕ್ಕೆ ಮೊಟ್ಟೆ ಬೇಯಿಸಿ ಹಾಕಿದ್ದು, ಅಷ್ಟು ಮಂದಿಯ ಮುಂದೆ ಕುಣಿದದ್ದು, ಆ ಬಸ್ಸು, ಆ ಕಂಡಕ್ಟರ್ ನಕ್ಕಿದ್ದು, ಎಲ್ಲ ಒಟ್ಟಿಗೆ ತೋಳಿಗಿಳಿಯಿತು. ಯಾರನ್ನು ಯಾಕೆ ಹೊಡೆಯುತ್ತಿದ್ದೇನೆ ಎನ್ನುವುದು ಮರೆತುಹೋಯಿತು. ಕಟ್ಟಿಗೆ ತಲೆಯ ಕಡೆಗೆ ಬಂದಾಗ ಸಾಯಿಕುಮಾರ ಮೊದಲ ಸಲ ಕೈ ಅಡ್ಡ ಹಿಡಿದ. ಮುಂಗೈ ಮೂಳೆ ಲಟಕ್ಕೆಂದದ್ದು ಬಾಗಿಲ ಹೊರಗೆ ನಿಂತವರಿಗೂ ಕೇಳಿಸಿತು.

ಅವನು ಕೆಳಗೆ ಕೂತು, ನಡುವಿನಲ್ಲಿ ಬಾಗಿದ ತನ್ನ ಬಲಗೈಯನ್ನು ಎಡಗೈಯಿಂದ ಎದೆಗೆ ಹಿಡಿದುಕೊಂಡ.

ಕಲ್ಲೇಶ ಕೊಳವೆಯನ್ನು ಗೋಡೆಗೆ ಒರಗಿಸಿದ. ಆತು ಬಿಡ್ರಿ, ಹುಡುಗ ಕೆಟ್ಟವನಲ್ಲ ಎಂದ. ಮಗುಚಿದ ಬೆಂಚುಗಳನ್ನು ಎತ್ತಿ ನಿಲ್ಲಿಸಿದರು. ಮೂಳೆ ಕೂಡಲು ಮೂರು ತಿಂಗಳು ಸಾಕು, ಬರುವ ವರ್ಷಕ್ಕೆ ಎಡ ಕಾರ್ನರಿಗೆ ಸಾಯಿಕುಮಾರನೇ ಇರಲಿ ಎಂದು ಮಲ್ಲಣ್ಣ ಕಾಕಾ ತೀರ್ಪು ಕೊಟ್ಟ. ಎಲ್ಲರೂ ಒಪ್ಪಿದರು. ಮಾತು ಮತ್ತೆ ಶಹಾಪುರದ ರೈಡರನ ಕಡೆಗೆ ಹೊರಳಿತು. ಬಂಡೆಮ್ಮ ಸೆರಗು ಹರಿದು ಮಗನ ಕೈ ಕಟ್ಟುತ್ತಿದ್ದಾಗ ಹಿಂದಿನಿಂದ ಯಾರೋ, ಅಕ್ಕಾ ರೊಟ್ಟಿ ಆದವೇನು ಎಂದು ಕೇಳಿದರು. ಅವಳು ತಿರುಗಿ ಅವನ ಮುಖಕ್ಕೆ ಉಗುಳಿದಳು.

ಆಟೊ ತಂದವನು ಅಕ್ಷಯ, ಹುಬ್ಬಿಗೆ ಕರ್ಚೀಫು ಒತ್ತಿಕೊಂಡು. ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಸಾಯಿಕುಮಾರ ಹಲ್ಲು ಕಚ್ಚುತ್ತಿದ್ದ. ತಪ್ಪಾತು ಕಂದಾ ಎಂದು ಹೇಳಲು ಅವಳು ಹತ್ತು ಸಲ ಬಾಯಿ ತೆರೆದಳು, ಹತ್ತು ಸಲವೂ ಅವನ ಕೈಯ ಕಟ್ಟು ಸರಿಮಾಡಿದಳು. ಅವನು ಅವಳ ಕಡೆ ನೋಡದೆ ಹೊರಗೆ ಕಾರ್ಖಾನೆ ಬಸ್ಸುಗಳನ್ನು ನೋಡುತ್ತಿದ್ದ. ಆಸ್ಪತ್ರೆಯಲ್ಲಿ ಕೇಳೇ ಕೇಳುತ್ತಾರೆ, ಇವನು ಹೇಳೇ ಹೇಳುತ್ತಾನೆ. ಹೇಳಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಹೆದ್ದಾರಿ ಪಕ್ಕದ ಆ ಆಸ್ಪತ್ರೆಯ ಡಾಕ್ಟರಮ್ಮ ಬೀದರಿನವಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದಳು, ಬೆನ್ನಿನ ಬಾಸುಂಡೆ ನೋಡಿದಳು, ಆಮೇಲೆ ಪೆನ್ನು ತೆಗೆದಳು. ಹೊಡೆತ ತಿಂದು ಆಗಿದ್ದರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ, ಖರೆ ಹೇಳು, ಹೇಗಾಯಿತು ಎಂದು ಕೇಳಿದಳು.

"ಕಬಡ್ಡಿ ಆಡುವಾಗ ಬಿದ್ದೀನ್ರಿ," ಎಂದ ಸಾಯಿಕುಮಾರ. "ನಾಕ ಮಂದಿ ಮ್ಯಾಲ ಬಿದ್ರು."

ಕಣ್ಣು ಕೂಡ ಮಿಟುಕಿಸದೆ ಹೇಳಿದ. ಡಾಕ್ಟರಮ್ಮ ಅವನ ಮೈಮೇಲಿನ ಕೆಂಪು ಮಣ್ಣು ನೋಡಿ ತಲೆಯಾಡಿಸಿ ಬರೆಯತೊಡಗಿದಳು. ಅಕ್ಷಯ ನೆಲ ನೋಡಿದ. ಮುಗಿಯಿತು, ಬಂಡೆಮ್ಮ ಉಳಿದುಕೊಂಡಳು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಅವಳಿಗೆ ಮೂಳೆ ಮುರಿದ ಸದ್ದು ಕೇಳಿದಾಗಲೂ ಬಾರದ ಅಳು ಈಗ ಬಂತು. ಇಪ್ಪತ್ತೆರಡು ವರ್ಷ ಬಡಿದು ಬಡಿದು ಕಲಿಸಿದರೂ ಕಲಿಯದವನು ಇವತ್ತು ಕಲಿತಿದ್ದ. ಅದನ್ನು ನೋಡಲು ಅವಳಿಂದ ಆಗಲಿಲ್ಲ. ಸೆರಗಿನ ಹರಿದ ಅಂಚಿನಿಂದ ಮುಖ ಒರೆಸಿಕೊಂಡು ಮೇಜಿನ ಹತ್ತಿರ ಹೋಗಿ, ಬರೆಯುತ್ತಿದ್ದ ಕಾಗದದ ಮೇಲೆ ಹಿಟ್ಟು ಮೆತ್ತಿದ ಅಂಗೈ ಇಟ್ಟಳು.

"ಅದನ್ನ ಹೊಡದಹಾಕ್ರಿ ಮೇಡಂ. ಅವ ಸುಳ್ಳು ಹೇಳಾಕತ್ತಾನ. ನಾನು ಹೊಡದೀನಿ, ಅವರವ್ವ. ನನ್ನ ಹೆಸರು ಬರಕೋರಿ."